ಹನ್ನೊಂದು-ಹನ್ನೆರಡರ ಮಕ್ಕಳಿಗೆ ವಿಕ್ಟೋರಿಯಾ ಕಾಲದ ಇಂಗ್ಲಿಷ್: ಎಲ್ಲಿಂದ ಶುರು ಮಾಡೋದು?

ಕರಿಹಲಗೆ
ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಕಡೆಯವಳು. ಒಂಬತ್ತು ವರ್ಷದಿಂದ ಇಂಗ್ಲೆಂಡಿನ ಸೌತ್ ಯಾರ್ಕ್‌ಶೈರ್‌ನಲ್ಲಿ, ಬಾರ್ನ್‌ಸ್ಲಿ ಹತ್ತಿರ, ಒಂದು ಸೆಕೆಂಡರಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ಇಲ್ಲಿರುವ ಮೇಷ್ಟ್ರುಗಳ, ಟೀಚರ್‌ಗಳ ಸಲಹೆ ಬೇಕಿತ್ತು.

ಇಲ್ಲಿ ಇಯರ್ ಸೆವೆನ್ ಅಂದರೆ ಹನ್ನೊಂದು ತುಂಬಿದ ಮಕ್ಕಳು. ನಮ್ಮ ಆರನೇ ಕ್ಲಾಸು, ಏಳನೇ ಕ್ಲಾಸಿನ ವಯಸ್ಸು. 11ರಿಂದ 14ರ ಮಕ್ಕಳು 1914ಕ್ಕಿಂತ ಹಿಂದಿನ ಸಾಹಿತ್ಯವನ್ನೂ ಓದಬೇಕು ಅಂತ ಇಂಗ್ಲೆಂಡಿನ ಪಠ್ಯಕ್ರಮದಲ್ಲೇ ಇದೆ. ಮುಂದೆ ಹದಿನಾರಕ್ಕೆ ಜಿಸಿಎಸ್‌ಇ ಅನ್ನೋ ಪಬ್ಲಿಕ್ ಪರೀಕ್ಷೆ ಬರೆಯುವಾಗ 19ನೇ ಶತಮಾನದ ಒಂದು ಕಾದಂಬರಿ ಬೇಕೇ ಬೇಕು. ಆಗ ಒಮ್ಮೆಲೇ ಆ ಕಾಲದ ಉದ್ದುದ್ದ ವಾಕ್ಯ ನೋಡಿ ಮಕ್ಕಳು ಬೆದರಬಾರದು ಅಂತ ಮೊದಲ ವರ್ಷವೇ ‘ವಿಕ್ಟೋರಿಯಾ ಕಾಲದ ಬಾಲ್ಯ’ ಅಂತ ಆರು ವಾರದ ಪಾಠ ಇಟ್ಟಿದ್ದೇವೆ.

ಹೋದ ವರ್ಷ ಚಾರ್ಲ್ಸ್ ಡಿಕೆನ್ಸ್‌ನ ಕಾದಂಬರಿ ‘ಆಲಿವರ್ ಟ್ವಿಸ್ಟ್’ನ ಸಂಕ್ಷಿಪ್ತ ರೂಪ ಓದಿಸಿದೆ. ಕಥೆ ಎಲ್ಲರಿಗೂ ಅರ್ಥವಾಯಿತು. ಸಿನಿಮಾ ತುಣುಕೂ ತೋರಿಸಿದೆ. ಕೊನೆಯಲ್ಲಿ 30 ನೋಟ್‌ಬುಕ್ ತಿದ್ದಲು ಕೂತರೆ ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ ಮಾತು: ‘ಆ ಕಾಲದಲ್ಲಿ ಬಡ ಮಕ್ಕಳ ಬದುಕು ತುಂಬಾ ಕಷ್ಟವಾಗಿತ್ತು. ನಮಗೆ ಅವರ ಬಗ್ಗೆ ಪಾಪ ಅನಿಸುತ್ತದೆ.’ ಅಷ್ಟೇ. ಒಬ್ಬರೂ ಒಂದು ಪದದ ಬಗ್ಗೆ ಬರೆದಿರಲಿಲ್ಲ. ಒಂದು ವಾಕ್ಯ ಎತ್ತಿಕೊಂಡಿರಲಿಲ್ಲ. ಆರು ವಾರ ಇಂಗ್ಲಿಷ್ ಪಾಠ ಮಾಡಿ ಮಕ್ಕಳಿಗೆ ಒಂದು ಹೊಸ ಇಂಗ್ಲಿಷ್ ಪದವೂ ಅಂಟಿಲ್ಲ ಅಂದರೆ ಏನು ಮಾಡಿದ ಹಾಗಾಯಿತು?

ಈ ಸಲ ಬೇರೆ ಥರ ಮಾಡಬೇಕು ಅಂತಿದ್ದೇನೆ. ಕ್ಲಾಸಿನಲ್ಲಿ ಏಳು ಮಕ್ಕಳಿಗೆ ಮನೆಮಾತು ಇಂಗ್ಲಿಷ್ ಅಲ್ಲ. ಇಬ್ಬರು ಬಂದು ಒಂದು ವರ್ಷವೂ ಆಗಿಲ್ಲ. ಅವರನ್ನೂ ಬಿಡದೆ ಜೊತೆಗೆ ಕರೆದುಕೊಂಡು ಹೋಗಬೇಕು. ಎಲ್ಲಿಂದ ಶುರು ಮಾಡಲಿ?

ತೆರೆದಪುಟ
ಸೋಮವಾರ ಬೆಳಿಗ್ಗೆ

ಮೇಡಂ, ಮೈಸೂರಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು ನಾನು. ಒಂದೇ ಮಾತು ಹೇಳುತ್ತೇನೆ. ಸಂಕ್ಷಿಪ್ತ ಪುಸ್ತಕ ಪಕ್ಕಕ್ಕಿಡಿ. ಇಡೀ ಪುಸ್ತಕ ಮುಗಿಸುವ ಆಸೆಯನ್ನೂ ಬಿಡಿ. ಮೂಲದ ಒಂದು ಪುಟ ಸಾಕು.

ಸಂಕ್ಷಿಪ್ತ ರೂಪದಲ್ಲಿ ಉಳಿಯೋದು ಕಥೆ. ಕಥೆಯಲ್ಲಿ ಕಷ್ಟ ಇದೆ, ಮಕ್ಕಳು ಕಷ್ಟ ಅಂತ ಬರೆದರು. ಅದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಭಾಷೆಯನ್ನು ನಾವೇ ತೆಗೆದುಬಿಟ್ಟ ಮೇಲೆ ಭಾಷೆಯ ಬಗ್ಗೆ ಏನು ಬರೆಯಬೇಕು?

ಎರಡನೇ ಅಧ್ಯಾಯ ತೆಗೆಯಿರಿ. ಅನಾಥ ಹುಡುಗ ಆಲಿವರ್ ವರ್ಕ್‌ಹೌಸಿನಲ್ಲಿ, ಅಂದರೆ ಗತಿಯಿಲ್ಲದವರನ್ನು ಇಟ್ಟು ದುಡಿಸುತ್ತಿದ್ದ ಮನೆಯಲ್ಲಿ, ಇನ್ನೂ ಸ್ವಲ್ಪ ಗಂಜಿ ಕೇಳುವ ಜಾಗ. ಅದಕ್ಕಿಂತ ಸ್ವಲ್ಪ ಮೊದಲು ಒಂದು ಸಾಲು ಬರುತ್ತದೆ: ‘ದ ಬೌಲ್ಸ್ ನೆವರ್ ವಾಂಟೆಡ್ ವಾಷಿಂಗ್.’ ಬಟ್ಟಲುಗಳಿಗೆ ತೊಳೆಯುವುದು ಬೇಕೇ ಆಗುತ್ತಿರಲಿಲ್ಲ. ಹುಡುಗರು ಚಮಚದಲ್ಲಿ ಕೆರೆದು ಕೆರೆದು ಬಟ್ಟಲು ಹೊಳೆಯುವ ಹಾಗೆ ಮಾಡಿಬಿಡುತ್ತಿದ್ದರು. ಹಸಿವು ಅನ್ನೋ ಪದ ಇಲ್ಲದೆ ಹಸಿವನ್ನು ಹೇಳಿದ್ದಾನೆ ನೋಡಿ. ಆಮೇಲೆ ಅದೇ ಪದ ಆಲಿವರ್ ಬಾಯಲ್ಲಿ ಬರುತ್ತದೆ: ‘ಪ್ಲೀಸ್ ಸರ್, ಐ ವಾಂಟ್ ಸಮ್ ಮೋರ್.’

‘ವಾಂಟ್’ ಅನ್ನೋ ಪದಕ್ಕೆ ಆಗ ಎರಡು ಮುಖ. ಒಂದು, ಆಸೆ. ಇನ್ನೊಂದು, ಇಲ್ಲದಿರುವುದು, ಕೊರತೆ. ಇವತ್ತಿನ ಇಂಗ್ಲಿಷ್ ಮಕ್ಕಳಿಗೆ ಮೊದಲನೆಯದು ಮಾತ್ರ ಗೊತ್ತು. ಆಟದ ಸಾಮಾನು ಬೇಕು, ಚಾಕಲೇಟು ಬೇಕು. ಡಿಕೆನ್ಸ್ 1843ರಲ್ಲಿ ಬರೆದ ‘ಎ ಕ್ರಿಸ್ಮಸ್ ಕ್ಯಾರಲ್’ನಲ್ಲಿ ಸಣಕಲು ಮಕ್ಕಳಿಬ್ಬರು ಬರುತ್ತಾರೆ. ಹುಡುಗನ ಹೆಸರು ಇಗ್ನೊರೆನ್ಸ್, ಹುಡುಗಿಯ ಹೆಸರು ವಾಂಟ್. ಅಲ್ಲಿ ವಾಂಟ್ ಅಂದರೆ ಆಸೆ ಅಲ್ಲ, ಗತಿಯಿಲ್ಲದ ಬಡತನ.

ಕನ್ನಡದವರಿಗೆ ಇದು ಸುಲಭ. ನಮ್ಮ ‘ಬೇಕು’ ಎರಡೂ ಕೆಲಸ ಮಾಡುತ್ತದೆ. ‘ಗಿಡಕ್ಕೆ ನೀರು ಬೇಕು’ ಅಂದರೆ ಗಿಡ ಆಸೆ ಪಡುತ್ತಿದೆ ಅಂತಲ್ಲವಲ್ಲ. ಈ ಒಂದು ಪದ ಹಿಡಿದುಕೊಂಡು ಎರಡು ಪೀರಿಯಡ್ ಪಾಠ ಮಾಡಬಹುದು.

ಹತ್ತಿಹೊಲ
ಸೋಮವಾರ ಸಂಜೆ

ನಮಸ್ಕಾರ ರೀ. ನಾನು ಧಾರವಾಡ ಜಿಲ್ಲೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಕನ್ನಡ ಮಾಧ್ಯಮ. ಎಂಟನೇ ಕ್ಲಾಸಿನಲ್ಲಿ 52 ಮಕ್ಕಳು.

ತೆರೆದಪುಟ ಸರ್, ನಿಮ್ಮ ಮಾತು ಓದಲು ಚೆನ್ನಾಗಿದೆ. ಆದರೆ ಮೂಲದ ಒಂದು ಪುಟ ಅಂದರೆ ನನ್ನ ಮಕ್ಕಳಿಗೆ ಬೆಟ್ಟ. ಒಂದೊಂದು ಸಾಲಿಗೂ ನಾಲ್ಕು ಪದದ ಅರ್ಥ ಹೇಳಬೇಕು. ಅಷ್ಟರಲ್ಲಿ ಬೆಲ್ ಹೊಡೆದಿರುತ್ತದೆ. ಆಮೇಲೆ ಅವರು ಗೈಡ್ ನೋಡಿ ಸಾರಾಂಶ ಬಾಯಿಪಾಠ ಮಾಡುತ್ತಾರೆ. ಸಂಕ್ಷಿಪ್ತ ಪುಸ್ತಕ ಇದ್ದರೆ ಕೊನೇಪಕ್ಷ ಅವರೇ ಕೂತು ಓದುತ್ತಾರೆ. ‘ನಾನೊಂದು ಇಂಗ್ಲಿಷ್ ಪುಸ್ತಕ ಮುಗಿಸಿದೆ’ ಅನ್ನೋ ಹೆಮ್ಮೆ ಇದೆಯಲ್ಲ, ಅದು ಸಣ್ಣದಲ್ಲ ರೀ.

ಹೊಸಓದು
ಸೋಮವಾರ ರಾತ್ರಿ

ಇಂಗ್ಲೆಂಡಿನಲ್ಲಿ ಸಿಲಬಸ್ ಇದೆ, ಕಲಿಸಬೇಕು, ಒಪ್ಪಿದೆ. ಆದರೆ ಇಲ್ಲಿನ ಮಕ್ಕಳಿಗೆ ಡಿಕೆನ್ಸ್ ಯಾಕೆ ಬೇಕು? ಇವತ್ತಿನ ಇಂಗ್ಲಿಷ್ ಮಾತಾಡಲು, ಕೆಲಸಕ್ಕೆ ಅರ್ಜಿ ಬರೆಯಲು ಬಂದರೆ ಸಾಲದೇ? ಇನ್ನೂರು ವರ್ಷ ಹಳೇ ಲಂಡನ್ನಿನ ಚಳಿ, ಹೊಗೆ, ವರ್ಕ್‌ಹೌಸ್ ಅಂತ ಹೇಳಿ ಮಕ್ಕಳನ್ನು ಇನ್ನಷ್ಟು ದೂರ ಮಾಡಬೇಡಿ. ಇದು ನನ್ನ ಪ್ರಾಮಾಣಿಕ ಅನಿಸಿಕೆ.

ಮಳೆಊರು
ಮಂಗಳವಾರ

ನಾನು ಟೀಚರ್ ಅಲ್ಲ, ತಾಯಿ. ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಮಗಳು ಹೋದ ವರ್ಷ ಇದೇ ಪಾಠ ಓದಿದಳು. ಒಂದು ಸಂಗತಿ ಹೇಳಬೇಕು ಅನಿಸಿತು.

ಅವಳು ಮನೆಗೆ ಬಂದು ‘ಅಮ್ಮಾ, ಗ್ರೂಯಲ್ ಅಂದರೇನು?’ ಅಂದಳು. ‘ಗಂಜಿ ಕಣೇ’ ಅಂದೆ. ಅವಳ ಮುಖ ಅರಳಿತು. ‘ಹಾಗಾದರೆ ಆಲಿವರ್ ಇನ್ನೂ ಬೇಕು ಅಂದಿದ್ದು ಸರಿ, ಗಂಜಿ ಚೆನ್ನಾಗಿರುತ್ತಲ್ವಾ!’ ನಮ್ಮನೆಯಲ್ಲಿ ಜ್ವರ ಬಂದಾಗ ಅಜ್ಜಿ ಮಾಡುವ ಗಂಜಿ, ಮೇಲೆ ಒಂದು ಚಮಚ ತುಪ್ಪ, ಪಕ್ಕದಲ್ಲಿ ಉಪ್ಪಿನಕಾಯಿ. ಅವಳಿಗೆ ಗಂಜಿ ಅಂದರೆ ಅಕ್ಕರೆಯ ಊಟ. ಆ ಒಂದು ಪದದಿಂದ ಇಡೀ ವರ್ಕ್‌ಹೌಸ್ ಮಾಯವಾಗಿಬಿಟ್ಟಿತು.

ಆಮೇಲೆ ಇಬ್ಬರೂ ಅಡುಗೆಮನೆಗೆ ಹೋದೆವು. ಎರಡು ಚಮಚ ಓಟ್ಸ್, ಒಂದು ದೊಡ್ಡ ಪಾತ್ರೆ ನೀರು, ಉಪ್ಪಿಲ್ಲ, ಹಾಲಿಲ್ಲ. ಕುದಿಸಿ ಬಟ್ಟಲಿಗೆ ಹಾಕಿ ಕೊಟ್ಟೆ. ಒಂದು ಚಮಚ ಕುಡಿದಳು. ‘ದಿನಕ್ಕೆ ಮೂರು ಹೊತ್ತು ಇದೇನಾ?’ ಅಂದಳು. ಪುಸ್ತಕ ತಂದು ತಾನೇ ಆ ಸಾಲು ಹುಡುಕಿ ಓದಿದಳು. ಮೂರು ಹೊತ್ತು ತೆಳು ಗಂಜಿ, ವಾರಕ್ಕೆ ಎರಡು ಸಲ ಒಂದು ಈರುಳ್ಳಿ, ಭಾನುವಾರ ಅರ್ಧ ಬನ್ನು. ‘ಥಿನ್’ ಅನ್ನೋ ಚಿಕ್ಕ ಪದಕ್ಕೆ ಬೆರಳಿಟ್ಟಳು.

ಪದಕ್ಕೆ ಪದ ಅರ್ಥ ಹೇಳಿದರೆ ಸಾಲದು ಅಂತ ನನಗೆ ಅವತ್ತು ಗೊತ್ತಾಯಿತು.

ಹಳೇಕಡತ
ಮಂಗಳವಾರ ರಾತ್ರಿ

ಬೆಂಗಳೂರಿನಲ್ಲಿ ಇತಿಹಾಸ ಕಲಿಸುವವನು ನಾನು. ಚರ್ಚೆ ಚೆನ್ನಾಗಿ ನಡೀತಿದೆ. ಒಂದೆರಡು ವಿಷಯ ಸರಿಯಾಗಿ ಹೇಳಿಬಿಡೋಣ, ಯಾಕೆಂದರೆ ಈ ಪಾಠದಲ್ಲಿ ಇತಿಹಾಸ ತಪ್ಪಿದರೆ ಸಾಹಿತ್ಯವೂ ತಪ್ಪುತ್ತದೆ.

‘ಆಲಿವರ್ ಟ್ವಿಸ್ಟ್’ ಶುರುವಾದಾಗ ವಿಕ್ಟೋರಿಯಾ ರಾಣಿಯೇ ಆಗಿರಲಿಲ್ಲ. ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಮೊದಲ ಕಂತು ಬಂದಿದ್ದು 1837ರ ಫೆಬ್ರವರಿಯಲ್ಲಿ. ಅವಳು ಪಟ್ಟಕ್ಕೆ ಬಂದಿದ್ದು ಅದೇ ವರ್ಷ ಜೂನ್‌ನಲ್ಲಿ. ಕೊನೆಯ ಕಂತು 1839ರಲ್ಲಿ ಬಂತು. ಡಿಕೆನ್ಸ್ ಸಿಟ್ಟಾಗಿದ್ದು 1834ರ ಬಡವರ ಕಾನೂನಿನ ಮೇಲೆ. ಹೊರಗೆ ದುಡಿದು ತಿನ್ನೋದಕ್ಕಿಂತ ವರ್ಕ್‌ಹೌಸ್ ಒಳಗಿನ ಬದುಕು ಹೀನವಾಗಿರಬೇಕು, ಆಗ ಮಾತ್ರ ಜನ ಅಲ್ಲಿಗೆ ಬರೋದಿಲ್ಲ ಅನ್ನೋದು ಅದರ ಲೆಕ್ಕ. ಒಳಗೆ ಹೋದ ಮೇಲೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ.

ಮಳೆಊರು ಅವರೇ, ಆ ಊಟದ ಪಟ್ಟಿ ಡಿಕೆನ್ಸ್ ಹೆಚ್ಚು ಮಾಡಿ ಬರೆದದ್ದು. ನಿಜವಾದ ವರ್ಕ್‌ಹೌಸ್‌ಗಳ ಪಟ್ಟಿಯಲ್ಲಿ ಬ್ರೆಡ್, ಚೀಸ್, ಸ್ವಲ್ಪ ಮಾಂಸವೂ ಇರುತ್ತಿತ್ತು. ಹಾಗಂತ ಅವನು ಸುಳ್ಳು ಹೇಳಿದ ಅಂತಲ್ಲ. ಅವನು ವರದಿ ಬರೆಯುತ್ತಿರಲಿಲ್ಲ, ಓದುಗರಿಗೆ ಚುರುಕು ಮುಟ್ಟಿಸುತ್ತಿದ್ದ. ಹನ್ನೊಂದರ ಮಕ್ಕಳಿಗೆ ಈ ವ್ಯತ್ಯಾಸ ಖಂಡಿತ ಅರ್ಥವಾಗುತ್ತದೆ.

ಇನ್ನೊಂದು. ‘ಕಾನೂನು ಬಂತು, ಬಾಲಕಾರ್ಮಿಕ ಪದ್ಧತಿ ಹೋಯಿತು’ ಅಂತ ಸುಮಾರು ವರ್ಕ್‌ಶೀಟ್‌ಗಳಲ್ಲಿ ಇರುತ್ತದೆ. ಹಾಗೆ ಆಗಲೇ ಇಲ್ಲ. 1833ರ ಕಾನೂನು ಬಟ್ಟೆ ಗಿರಣಿಗಳಲ್ಲಿ ಒಂಬತ್ತು ತುಂಬದ ಮಕ್ಕಳನ್ನು ಮಾತ್ರ ತಡೆಯಿತು. ಅದನ್ನು ನೋಡಿಕೊಳ್ಳಲು ಇಡೀ ದೇಶಕ್ಕೆ ನಾಲ್ಕು ಜನ ಇನ್‌ಸ್ಪೆಕ್ಟರ್! 1844ರ ಕಾನೂನಿನಲ್ಲಿ ಎಂಟು ವರ್ಷದ ಮಗು ಅರ್ಧ ದಿನ ಗಿರಣಿ, ಅರ್ಧ ದಿನ ಶಾಲೆ. ಚಿಮಣಿ ಗುಡಿಸಲು ಮಕ್ಕಳನ್ನು ಹತ್ತಿಸಬಾರದು ಅಂತ ಒಂದಾದ ಮೇಲೊಂದು ಕಾನೂನು ಬಂದರೂ 1875ರವರೆಗೆ ಅದು ನಿಲ್ಲಲಿಲ್ಲ. ಶಾಲೆಗೆ ಹೋಗೋದು ಕಡ್ಡಾಯವಾಗಿದ್ದು 1880ರಲ್ಲಿ, ಅದೂ ಹತ್ತು ವರ್ಷದವರೆಗೆ ಮಾತ್ರ.

ಬಡ ಮಕ್ಕಳ ಗೋಳು ಒಂದೇ ವಿಕ್ಟೋರಿಯಾ ಕಾಲದ ಬಾಲ್ಯ ಅಲ್ಲ ಅನ್ನೋದನ್ನೂ ಮರೆಯಬೇಡಿ. ಅದೇ ಕಾಲದಲ್ಲಿ, 1865ರಲ್ಲಿ, ಲೂಯಿಸ್ ಕ್ಯಾರಲ್‌ನ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಕಥೆ ಬಂತು. ದಾದಿ, ಆಟದ ಕೋಣೆ, ಬಾಯಿಪಾಠದ ಪದ್ಯ ಇದ್ದ ಮನೆಯ ಮಗು ಅವಳು. ಆಗಿನ ಮಕ್ಕಳೆಲ್ಲ ಜೇನುಹುಳದ ಹಾಗೆ ದುಡಿಯಬೇಕು ಅನ್ನೋ ಪದ್ಯ ಒಪ್ಪಿಸಬೇಕಿತ್ತು. ಆಲಿಸ್ ಬಾಯಲ್ಲಿ ಅದು ಮೊಸಳೆಯ ಪದ್ಯವಾಗಿ ತಿರುಚಿಕೊಳ್ಳುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿಸಿ ನೋಡಿ.

ಹತ್ತಿಹೊಲ
ಬುಧವಾರ

ಹಳೇಕಡತ ಸರ್ ಗಿರಣಿ ಅಂದಿದ್ದಕ್ಕೆ ನೆನಪಾಯಿತು. ಹೊಸಓದು ಅವರು ‘ಇಲ್ಲಿನ ಮಕ್ಕಳಿಗೆ ಯಾಕೆ’ ಅಂತ ಕೇಳಿದ್ದರಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಬರೋದು ನಿಂತಾಗ ಅವರು ಕಣ್ಣು ಹಾಕಿದ್ದು ನಮ್ಮ ಧಾರವಾಡದ ಕಪ್ಪು ನೆಲದ ಮೇಲೆ. ಅಮೆರಿಕದ ಬೀಜ ತಂದು ಇಲ್ಲಿ ಬೆಳೆಸಿದ ಹತ್ತಿಗೆ ‘ಧಾರವಾಡ ಅಮೆರಿಕನ್’ ಅಂತಲೇ ಹೆಸರಿತ್ತು. ಆ ಹತ್ತಿಯನ್ನು ಹಡಗಿಗೆ ಹಾಕಲೆಂದೇ ಕಾರವಾರ ಬಂದರನ್ನು ಬೆಳೆಸುವ ಕೆಲಸ ನಡೆಯಿತು. ನಮ್ಮ ಹೊಲದಲ್ಲಿ ಬಿಡಿಸಿದ ಹತ್ತಿ ಆ ಗಿರಣಿಗಳಿಗೆ ಹೋಗುತ್ತಿತ್ತು. ಅಲ್ಲಿ ಎಂಟು-ಒಂಬತ್ತು ವರ್ಷದ ಮಕ್ಕಳು ಅರ್ಧ ದಿನ ದುಡಿಯುತ್ತಿದ್ದರು. ನನ್ನ ಕ್ಲಾಸಿನ ಮಕ್ಕಳಿಗೆ ಇದನ್ನು ಹೇಳಿದಾಗ ಹಿಂದಿನ ಬೆಂಚೂ ಸುಮ್ಮನಾಗಿತ್ತು. ಸುಗ್ಗಿಯಲ್ಲಿ ಹತ್ತಿ ಬಿಡಿಸಲು ಶಾಲೆ ತಪ್ಪಿಸಿ ಹೋಗುವ ಮಕ್ಕಳು ಅವರಲ್ಲೇ ಇದ್ದಾರೆ ರೀ.

ಇನ್ನೂ ಒಂದು ಕಾರಣ ಇದೆ. ಡಿಕೆನ್ಸ್ 1854ರಲ್ಲಿ ಬರೆದ ‘ಹಾರ್ಡ್ ಟೈಮ್ಸ್’ನ ಮೊದಲ ಪುಟಗಳಲ್ಲಿ ಒಂದು ಕ್ಲಾಸು ಬರುತ್ತದೆ. ಸಿಸ್ಸಿ ಅನ್ನೋ ಹುಡುಗಿಯ ಅಪ್ಪ ಸರ್ಕಸ್ಸಿನವನು, ಕುದುರೆಗಳ ಜೊತೆಯಲ್ಲೇ ಅವಳು ಬೆಳೆದವಳು. ಕುದುರೆಯ ವ್ಯಾಖ್ಯೆ ಹೇಳು ಅಂದರೆ ಅವಳಿಗೆ ಬಾಯಿ ಬರುವುದಿಲ್ಲ. ಅವಳಿಗೆ ಹೆಸರೂ ಇಲ್ಲ, ‘20ನೇ ನಂಬರಿನ ಹುಡುಗಿ’. ಬಿಟ್ಜರ್ ಅನ್ನೋ ಹುಡುಗ ಎದ್ದು ನಾಲ್ಕು ಕಾಲಿನ ಪ್ರಾಣಿ, ಹುಲ್ಲು ತಿನ್ನುತ್ತದೆ, ನಲವತ್ತು ಹಲ್ಲು ಅಂತ ಗಡಗಡ ಒಪ್ಪಿಸುತ್ತಾನೆ. ಮೇಷ್ಟ್ರಿಗೆ ಖುಷಿಯೋ ಖುಷಿ. ಗೈಡಿನಿಂದ ಬಾಯಿಪಾಠ ಮಾಡುವ ಮಕ್ಕಳಿಗೆ ಇದು ಯಾವ ದೂರದ ಲಂಡನ್ನೂ ಅಲ್ಲ. ಅವರ ದಿನದ ಕ್ಲಾಸು.

ಆದರೂ ನನ್ನ ಮೊದಲ ಪ್ರಶ್ನೆ ಹಾಗೇ ಇದೆ. ಭಾಷೆ ಬೆಟ್ಟ. ಹತ್ತಿಸೋದು ಹೇಗೆ?

ಹೊಸಓದು
ಬುಧವಾರ

ಹತ್ತಿಯ ವಿಷಯ ನನಗೆ ಗೊತ್ತಿರಲಿಲ್ಲ. ಸಿಸ್ಸಿಯ ಕಥೆಯೂ ಗೊತ್ತಿರಲಿಲ್ಲ. ನನ್ನ ಮಾತು ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಪೂರ್ತಿ ಅಲ್ಲ.

ಕರಿಹಲಗೆ
ಗುರುವಾರ ರಾತ್ರಿ

ಎಲ್ಲರಿಗೂ ತುಂಬಾ ಧನ್ಯವಾದ. ‘ವಾಂಟ್’ ಪದ ನೇರ ನನ್ನ ಬೋರ್ಡಿಗೆ ಹೋಗುತ್ತದೆ. ಓಟ್ಸ್ ಗಂಜಿಯೂ ಮಾಡಿಸುತ್ತೇನೆ.

ಹತ್ತಿಹೊಲ ಸರ್ ಕೇಳಿದ ಪ್ರಶ್ನೆ ನನ್ನದೂ ಹೌದು. ನನ್ನ ಆ ಇಬ್ಬರು ಹೊಸ ಮಕ್ಕಳಿಗೂ ಡಿಕೆನ್ಸ್ ವಾಕ್ಯ ಬೆಟ್ಟವೇ. ಹೀಗೆ ಯೋಚಿಸುತ್ತಿರುವಾಗ ಒಂದು ದಾರಿ ಹೊಳೆಯಿತು. ಕಾದಂಬರಿಯಿಂದ ಶುರು ಮಾಡುವ ಬದಲು ಆ ಕಾಲದ ಮಗುವಿನ ಮಾತಿನಿಂದಲೇ ಶುರು ಮಾಡಿದರೆ?

1842ರಲ್ಲಿ ಗಣಿಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಒಂದು ಕಮಿಷನ್ನಿನ ವರದಿ ಬಂತು. ಅಧಿಕಾರಿಗಳು ಗಣಿಗಳಿಗೆ ಹೋಗಿ ಮಕ್ಕಳನ್ನೇ ಮಾತಾಡಿಸಿ ಬರೆದುಕೊಂಡಿದ್ದರು. ಅದರಲ್ಲಿ ಸಾರಾ ಗೂಡರ್ ಅನ್ನೋ ಎಂಟು ವರ್ಷದ ಹುಡುಗಿಯ ಮಾತಿದೆ. ಗಾಬರ್ ಗಣಿ, ನಮ್ಮ ಬಾರ್ನ್‌ಸ್ಲಿಯದ್ದೇ. ಅವಳ ಕೆಲಸ ‘ಟ್ರ್ಯಾಪರ್’. ಗಣಿಯೊಳಗೆ ಗಾಳಿ ಸರಿಯಾದ ದಾರಿಯಲ್ಲಿ ಓಡಾಡಲಿ, ಕೆಟ್ಟ ಅನಿಲ ಕೂಡಿಕೊಳ್ಳದಿರಲಿ ಅಂತ ಅಲ್ಲಲ್ಲಿ ಮರದ ಬಾಗಿಲು ಇರುತ್ತಿದ್ದವು. ಕಲ್ಲಿದ್ದಲ ಗಾಡಿ ಬಂದಾಗ ಬಾಗಿಲು ತೆಗೆಯಬೇಕು, ಹೋದ ಮೇಲೆ ಮುಚ್ಚಬೇಕು. ಅಷ್ಟೇ ಕೆಲಸ. ಅವಳ ಮಾತು ಕನ್ನಡದಲ್ಲಿ ಹೇಳಿದರೆ ಹೀಗೆ:

ದಣಿವೇನೂ ಆಗೋದಿಲ್ಲ. ಆದರೆ ದೀಪ ಇಲ್ಲದೆ ಬಾಗಿಲು ಕಾಯಬೇಕು, ನನಗೆ ಹೆದರಿಕೆ. ಬೆಳಗಿನ ಜಾವ ನಾಲ್ಕಕ್ಕೆ, ಒಮ್ಮೊಮ್ಮೆ ಮೂರೂವರೆಗೇ ಹೋಗ್ತೀನಿ. ಸಂಜೆ ಐದಕ್ಕೆ, ಐದೂವರೆಗೆ ಬರ್ತೀನಿ. ನಿದ್ದೆ ಮಾಡೋದೇ ಇಲ್ಲ. ಬೆಳಕಿದ್ದರೆ ಒಮ್ಮೊಮ್ಮೆ ಹಾಡ್ತೀನಿ. ಕತ್ತಲಲ್ಲಿ ಇಲ್ಲ. ಆಗ ಹಾಡೋಕೆ ಧೈರ್ಯ ಇಲ್ಲ.

ಇಂಗ್ಲಿಷಿನಲ್ಲಿ ಇದರ ಪದಗಳೆಲ್ಲ ಸಣ್ಣವು. ‘ಐ ಡೇರ್ ನಾಟ್ ಸಿಂಗ್ ದೆನ್.’ ಇಂಗ್ಲಿಷ್ ಈಗಷ್ಟೇ ಕಲಿಯುತ್ತಿರುವ ಮಗುವಿಗೂ ಒಂದೊಂದು ಪದ ಗೊತ್ತು. ಭಾಷೆ ಸುಲಭ, ಹೇಳುತ್ತಿರುವುದು ದೊಡ್ಡದು. ಇಲ್ಲಿಂದ ಹತ್ತಿದರೆ ಬೆಟ್ಟ ಅಷ್ಟು ಕಡಿದಾಗಿರೋದಿಲ್ಲ ಅನಿಸುತ್ತದೆ.

ಅಲ್ಲಿಂದ ಮುಂದಕ್ಕೆ ದಾರಿಯೂ ತಾನಾಗೇ ಇದೆ. ಅದೇ ಕಮಿಷನ್ನಿನ ವರದಿಗಳನ್ನು ಓದಿ ಕಲಕಿಹೋದ ಕವಯಿತ್ರಿ ಎಲಿಜಬೆತ್ ಬ್ಯಾರೆಟ್ 1843ರ ಆಗಸ್ಟ್‌ನಲ್ಲಿ ‘ದ ಕ್ರೈ ಆಫ್ ದ ಚಿಲ್ಡ್ರನ್’ ಪದ್ಯ ಪ್ರಕಟಿಸಿದಳು. ಆಗಿನ್ನೂ ಅವಳಿಗೆ ಕವಿ ಬ್ರೌನಿಂಗ್ ಜೊತೆ ಮದುವೆ ಆಗಿರಲಿಲ್ಲ. ಡಿಕೆನ್ಸ್ ಕೂಡ ಆ ವರ್ಷ ಬಂದ ಎರಡನೇ ವರದಿ ಓದಿ ಒಂದು ಕರಪತ್ರ ಬರೆಯಬೇಕು ಅಂತಿದ್ದ. ಅದನ್ನು ಬಿಟ್ಟು ಕಥೆ ಬರೆದ. ಡಿಸೆಂಬರ್ 19ಕ್ಕೆ ‘ಕ್ರಿಸ್ಮಸ್ ಕ್ಯಾರಲ್’ ಬಂತು. ಮೊದಲು ಅಚ್ಚು ಹಾಕಿಸಿದ 6,000 ಪ್ರತಿ ಹಬ್ಬದೊಳಗೆ ಖಾಲಿ. ವರದಿ, ಪದ್ಯ, ಕಥೆ. ಮೂರರ ಬೇರು ಒಂದೇ ಕಡೆ. ಒಂದೇ ವಿಷಯ ಹೇಳಲು ಇಂಗ್ಲಿಷ್ ಎಷ್ಟು ಥರ ಬಾಗುತ್ತದೆ ಅಂತ ತೋರಿಸಲು ಇದಕ್ಕಿಂತ ಒಳ್ಳೇದು ನನಗೆ ಕಾಣಲಿಲ್ಲ.

ಹಳೇಕಡತ
ಶುಕ್ರವಾರ

ತುಂಬಾ ಒಳ್ಳೆಯ ದಾರಿ ಮೇಡಂ. ಒಂದೇ ಎಚ್ಚರಿಕೆ. ಆ ಮಾತು ಬರೆದುಕೊಂಡದ್ದು ಅಧಿಕಾರಿ. ಅವನು ಕೇಳಿದ ಪ್ರಶ್ನೆಗಳು ಅಲ್ಲಿಲ್ಲ, ಉತ್ತರ ಮಾತ್ರ ಇದೆ. ‘ದಣಿವಾಗುತ್ತಾ?’ ಅಂತ ಕೇಳಿರಬೇಕು, ಅದಕ್ಕೇ ಅವಳು ‘ದಣಿವೇನೂ ಆಗೋದಿಲ್ಲ’ ಅಂತ ಶುರು ಮಾಡುತ್ತಾಳೆ. ಆ ಕಾಣೆಯಾದ ಪ್ರಶ್ನೆಗಳನ್ನು ಮಕ್ಕಳ ಕೈಲೇ ಬರೆಸಿ. ಇಂಗ್ಲಿಷಿನಲ್ಲಿ ಪ್ರಶ್ನೆ ಮಾಡೋದು ಹೊಸ ಮಕ್ಕಳಿಗೆ ಯಾವಾಗಲೂ ತೊಡಕು, ಅದಕ್ಕೂ ಅಭ್ಯಾಸವಾಗುತ್ತದೆ.

ನೀವು ಬಾರ್ನ್‌ಸ್ಲಿ ಹತ್ತಿರ ಅಂದಿರಿ. ಸಿಲ್ಕ್‌ಸ್ಟೋನ್ ದೂರ ಇಲ್ಲ ಅಲ್ವಾ? 1838ರ ಜುಲೈ 4ರಂದು ಅಲ್ಲಿನ ಹಸ್ಕರ್ ಗಣಿಗೆ ಮಳೆನೀರು ನುಗ್ಗಿ 26 ಮಕ್ಕಳು ಸತ್ತರು. ತೀರಾ ಚಿಕ್ಕವರಿಗೆ ಏಳು ವರ್ಷ. ವಿಕ್ಟೋರಿಯಾಗೆ ಕಿರೀಟ ತೊಡಿಸಿ ಆಗ ಆರು ದಿನವಾಗಿತ್ತು. ಅಲ್ಲಿನ ಚರ್ಚಿನ ಅಂಗಳದಲ್ಲಿ ಸ್ಮಾರಕ ಇದೆ.

ಮಳೆಊರು
ಶುಕ್ರವಾರ

ಒಂದು ಕೇಳಬೇಕಿತ್ತು. ‘ಆಲಿವರ್ ಟ್ವಿಸ್ಟ್’ನಲ್ಲಿ ಮಕ್ಕಳಿಗೆ ಕಳ್ಳತನ ಕಲಿಸುವ ಫೇಗಿನ್ ಪಾತ್ರ ಬಂದಾಗ ಮಗಳು ಕಸಿವಿಸಿಯಾಗಿ ಬಂದಳು. ಅವಳ ಗೆಳತಿ ಯಹೂದಿ. ಪುಸ್ತಕದಲ್ಲಿ ಅವನನ್ನು ಹೆಸರಿಗಿಂತ ಜಾಸ್ತಿ ‘ಆ ಯಹೂದಿ’ ಅಂತಲೇ ಕರೆಯುತ್ತಾರೆ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ತೆರೆದಪುಟ
ಶನಿವಾರ ಬೆಳಿಗ್ಗೆ

ನಿಮ್ಮ ಮಗಳಿಗೆ ಕಸಿವಿಸಿ ಆದದ್ದು ಒಳ್ಳೆಯ ಓದುಗರ ಲಕ್ಷಣ ಅಮ್ಮಾ. ಅದೇ ಕಸಿವಿಸಿ ಆಗಲೂ ಒಬ್ಬರಿಗೆ ಆಗಿತ್ತು.

ಡಿಕೆನ್ಸ್ ತನ್ನ ಲಂಡನ್ನಿನ ಮನೆಯನ್ನು 1860ರಲ್ಲಿ ಒಂದು ಯಹೂದಿ ದಂಪತಿಗೆ ಮಾರಿದ್ದ. ಆ ಮನೆಯಾಕೆ ಎಲಿಜಾ ಡೇವಿಸ್ 1863ರಲ್ಲಿ ಅವನಿಗೇ ಪತ್ರ ಬರೆದು, ಫೇಗಿನ್ ಮೂಲಕ ಇಡೀ ಸಮುದಾಯಕ್ಕೆ ಅನ್ಯಾಯ ಮಾಡಿದ್ದೀರಿ ಅಂದಳು. ಮೊದಲು ಅವನು ತನ್ನದೇ ಸರಿ ಅಂತ ವಾದ ಮಾಡಿದ. ಆದರೆ ಪತ್ರ ಅವನನ್ನು ಬಿಡಲಿಲ್ಲ. ಮುಂದಿನ ಕಾದಂಬರಿ ‘ಅವರ್ ಮ್ಯೂಚುಯಲ್ ಫ್ರೆಂಡ್’ನಲ್ಲಿ ರಾಯಾ ಅನ್ನೋ ಒಳ್ಳೆಯ ಯಹೂದಿ ಮುದುಕನನ್ನು ತಂದ. 1867ರಲ್ಲಿ ‘ಆಲಿವರ್ ಟ್ವಿಸ್ಟ್’ ಮತ್ತೆ ಅಚ್ಚಾಗುವಾಗ ಕೊನೆಯ ಅಧ್ಯಾಯಗಳಲ್ಲಿ ‘ಯಹೂದಿ’ ಅನ್ನೋ ಪದವನ್ನು ಎಷ್ಟೋ ಕಡೆ ತೆಗೆದು ‘ಫೇಗಿನ್’ ಅಂತ ಮಾಡಿದ. ಒಬ್ಬ ಓದುಗಿತ್ತಿಯ ಪತ್ರದಿಂದ ಅಷ್ಟು ದೊಡ್ಡ ಲೇಖಕನ ಪುಸ್ತಕ ಬದಲಾಯಿತು. ಕರಿಹಲಗೆ ಮೇಡಂ, ಮಕ್ಕಳಿಂದ ಪತ್ರ ಬರೆಸಬೇಕು ಅಂತಿದ್ದರೆ ಇದೇ ವಿಷಯ ಕೊಡಿ. ಪಾತ್ರವನ್ನು ಮುಚ್ಚಿಡಬೇಡಿ.

ಇನ್ನೊಂದು ಸಂಗತಿ ಕೂಡಿಸುತ್ತೇನೆ. ಡಿಕೆನ್ಸ್ ಅಪ್ಪ 1824ರಲ್ಲಿ ಸಾಲ ತೀರಿಸಲಾಗದೆ ಮಾರ್ಷಲ್ಸೀ ಜೈಲಿಗೆ ಹೋದ. ಹನ್ನೆರಡರ ಚಾರ್ಲ್ಸ್ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ. ಅಲ್ಲಿ ಅವನಿಗೆ ಕೆಲಸ ತೋರಿಸಿಕೊಟ್ಟು ಅಕ್ಕರೆಯಿಂದ ನೋಡಿಕೊಂಡ ಹುಡುಗನ ಹೆಸರು ಬಾಬ್ ಫೇಗಿನ್. ಆ ಹೆಸರನ್ನು ತಂದು ಕಳ್ಳರ ಗುರುವಿಗೆ ಇಟ್ಟ. ಯಾಕೆ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆ ಕೆಲಸದ ನಾಚಿಕೆ ಅಷ್ಟು ಆಳವಾಗಿತ್ತೋ ಏನೋ. ಬದುಕಿರುವವರೆಗೆ ಓದುಗರಿಗೆ ಅದನ್ನು ತಿಳಿಯಗೊಡಲಿಲ್ಲ. ಅವನು ಸತ್ತ ಮೇಲೆ ಗೆಳೆಯ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದಲೇ ಗೊತ್ತಾಗಿದ್ದು.

ಹತ್ತಿಹೊಲ
ಶನಿವಾರ

ಮೇಡಂ, ನೀವು ಹೇಳಿದ ಮೇಲೆ ಮಕ್ಕಳ ಮಾತು ಅಂತ ನಾನೂ ಹುಡುಕಿದೆ. ಹೆನ್ರಿ ಮೇಹ್ಯೂ ಅನ್ನೋ ಪತ್ರಕರ್ತ ಲಂಡನ್ನಿನ ಬೀದಿಯಲ್ಲಿ ಸೊಪ್ಪು ಮಾರುವ ಎಂಟು ವರ್ಷದ ಹುಡುಗಿಯನ್ನು ಮಾತಾಡಿಸಿದ್ದು ಸಿಕ್ಕಿತು. ವಾಟರ್‌ಕ್ರೆಸ್ ಅಂತ, ನೀರಲ್ಲಿ ಬೆಳೆಯುವ ಸೊಪ್ಪು. ಪೆನ್ನಿಗೆ ನಾಲ್ಕು ಕಟ್ಟು. ಅವಳು ‘ಐ ಏಂಟ್ ಎ ಚೈಲ್ಡ್’ ಅನ್ನುತ್ತಾಳೆ. ನಾನು ಮಗು ಅಲ್ಲ, ಇಪ್ಪತ್ತಾಗುವವರೆಗೆ ಹೆಂಗಸೂ ಅಲ್ಲ, ಆದರೆ ಎಂಟು ದಾಟಿದೆ ಅಂತ. ಓದು ಬರಹ ಬರೋದಿಲ್ಲ, ಆದರೆ ಒಂದು ಶಿಲ್ಲಿಂಗಿಗೆ ಎಷ್ಟು ಪೆನ್ನಿ ಅಂತ ಗೊತ್ತು ಅನ್ನುವಾಗ ‘ಐ ನೋಸ್’ ಅನ್ನುತ್ತಾಳೆ. ‘ಐ ನೋ’ ಅಲ್ಲ.

ನನ್ನ ಮಕ್ಕಳು ಇಂಥ ತಪ್ಪು ಮಾಡಿದರೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತೇನೆ. ಇದನ್ನು ಓದುವಾಗ ಕೈ ಏಳಲಿಲ್ಲ. ಅದು ಅವಳ ಬೀದಿಯ ಮಾತು. ನಮ್ಮ ಮಕ್ಕಳು ಮನೆಯಲ್ಲಿ ‘ಹೋಗ್ಯಾನ’, ‘ಬಂದಾನ’ ಅಂತಾರೆ, ಪರೀಕ್ಷೆಯಲ್ಲಿ ‘ಹೋಗಿದ್ದಾನೆ’ ಅಂತ ಬರೀತಾರೆ. ಇಂಗ್ಲಿಷಿಗೂ ಮನೆಮಾತು, ಬರೆಯುವ ಮಾತು ಅಂತ ಎರಡಿದೆ ಅಂತ ಅವರಿಗೆ ಇಲ್ಲಿವರೆಗೂ ಯಾರೂ ಹೇಳಿಲ್ಲ. ಇಂಗ್ಲಿಷ್ ಅಂದರೆ ಹುಟ್ಟಿದಾಗಿಂದ ಇಸ್ತ್ರಿ ಹಾಕಿಟ್ಟ ಬಟ್ಟೆ ಅಂದುಕೊಂಡಿದ್ದಾರೆ.

ಕರಿಹಲಗೆ
ಐದು ವಾರದ ನಂತರ

ಪಾಠ ಮುಗಿಯುತ್ತಾ ಬಂತು. ನಡೆದದ್ದನ್ನು ಹೇಳಲೇಬೇಕು.

ಸಾರಾ ಗೂಡರ್ ಮಾತಿನಿಂದ ಶುರು ಮಾಡಿದೆ. ಪರದೆ ಎಳೆದು ದೀಪ ಆರಿಸಿ ಒಮ್ಮೆ ಓದಿದೆ. ಯಾರೂ ಮಾತಾಡಲಿಲ್ಲ. ಆಮೇಲೆ ಕಾಣೆಯಾದ ಪ್ರಶ್ನೆ ಬರೆಯಿರಿ ಅಂದೆ. ಒಬ್ಬ ಹುಡುಗ ಬರೆದ: ‘ವಾಟ್ ಸಾಂಗ್ ಡು ಯೂ ಸಿಂಗ್?’ ಅಧಿಕಾರಿ ಅದನ್ನು ಕೇಳಿರಲಿಲ್ಲ ಅನ್ನೋದು ಅವನಿಗೆ ಸಿಟ್ಟು. ಹೋದ ವರ್ಷದ 30 ನೋಟ್‌ಬುಕ್‌ಗಳಲ್ಲಿ ಇಂಥ ಒಂದು ಸಾಲೂ ಇರಲಿಲ್ಲ.

ಬೇರೆ ದೇಶದಿಂದ ಬಂದು ವರ್ಷ ತುಂಬದ ಹುಡುಗನೊಬ್ಬ ಟ್ರ್ಯಾಪರ್ ಆಗಿ ಬರೆದದ್ದು ಇಷ್ಟೇ: ‘ಐ ಹಿಯರ್ ದ ವ್ಯಾಗನ್. ಐ ಪುಲ್ ದ ಸ್ಟ್ರಿಂಗ್. ದ ವ್ಯಾಗನ್ ಗೋಸ್. ದೆನ್ ಐ ಹಿಯರ್ ನಥಿಂಗ್.’ ಗಾಡಿ ಕೇಳಿಸುತ್ತೆ. ದಾರ ಎಳೀತೀನಿ. ಗಾಡಿ ಹೋಗುತ್ತೆ. ಆಮೇಲೆ ಏನೂ ಕೇಳಿಸೋಲ್ಲ. ತನಗೆ ಉದ್ದ ವಾಕ್ಯ ಬರೋದಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಿದ್ದ ಹುಡುಗ ಅವನು. ಈ ನಾಲ್ಕು ವಾಕ್ಯವನ್ನು ಬೋರ್ಡಿನ ಮೇಲೆ ಬರೆದು ಇಡೀ ಕ್ಲಾಸಿಗೆ ಅದರಿಂದಲೇ ಪಾಠ ಮಾಡಿದೆ.

‘ವಾಂಟ್’ ಮೂರನೇ ವಾರಕ್ಕೆ ಬಂತು. ಆಗ ಡಿಕೆನ್ಸ್ ಪುಟ ಕೊಟ್ಟರೆ ಮಕ್ಕಳು ಬೆದರಲಿಲ್ಲ. ಗಂಜಿಯನ್ನು ಅವನು ‘ಫೆಸ್ಟಿವ್’ ಅಂತ, ಅಂದರೆ ಹಬ್ಬದ ಅಡುಗೆ ಅಂತ ಕರೆಯುವ ಸಾಲಿದೆಯಲ್ಲ, ಹೋದ ವರ್ಷ ಅದು ನಾವು ಓದಿದ ಸಂಕ್ಷಿಪ್ತ ಪುಸ್ತಕದಲ್ಲೇ ಇರಲಿಲ್ಲ. ಈ ಸಲ ನೀರು ಗಂಜಿ ಕುಡಿದ ಮೇಲೆ ಓದಿದರು. ‘ಅವನಿಗೆ ಸಿಟ್ಟು ಬಂದಿದೆ, ಅದಕ್ಕೇ ಉಲ್ಟಾ ಹೇಳುತ್ತಿದ್ದಾನೆ’ ಅಂತ ಒಬ್ಬಳು ತಾನೇ ಹೇಳಿದಳು. ನಾನು ಏನೂ ವಿವರಿಸಬೇಕಾಗಲಿಲ್ಲ.

ಹೋದ ವಾರ ಸಿಲ್ಕ್‌ಸ್ಟೋನ್‌ಗೆ ಕರೆದುಕೊಂಡು ಹೋದೆ. ಸಣ್ಣಗೆ ಮಳೆ ಬರುತ್ತಿತ್ತು. ಸ್ಮಾರಕದ ಮೇಲೆ ಹೆಸರು, ವಯಸ್ಸು ಕೆತ್ತಿದ್ದಾರೆ. ಅದು ದೇವರ ಭಯಂಕರ ಆಗಮನ, ಅವನೇ ಗುಡುಗು, ಮಿಂಚು, ಮಳೆ ಕಳಿಸಿದ ಅಂತ ಬರೆದಿದೆ. ಗಣಿ ಮಾಲೀಕನ ಹೆಸರು ಬರೋದು ಗಣಿ ಯಾರದ್ದು ಅಂತ ಹೇಳಲು ಮಾತ್ರ. ಮಕ್ಕಳು ಒಂದೊಂದೇ ಹೆಸರು ಓದಿದರು. ಕೆಲವು ಮನೆತನದ ಹೆಸರುಗಳು ಈಗಲೂ ಈ ಸುತ್ತಮುತ್ತ ಇವೆ. ಆಮೇಲೆ ಒಬ್ಬ ಹುಡುಗಿ ತುಂಬಾ ಹೊತ್ತು ಅಲ್ಲೇ ನಿಂತಿದ್ದವಳು ನನ್ನನ್ನು ಕರೆದಳು. ‘ಮಿಸ್, ಸತ್ತವರು ಎಷ್ಟು ಜನ ಅಂತ ಹೇಳುವ ಸಾಲಿನಲ್ಲಿ ಚಿಲ್ಡ್ರನ್ ಅಂತ ಇಲ್ಲ. ಹ್ಯೂಮನ್ ಬೀಯಿಂಗ್ಸ್ ಅಂತ ಇದೆ. ಯಾಕೆ?’

ನಾನು ಆ ಕಲ್ಲನ್ನು ಮೂರು ಸಲ ನೋಡಿದ್ದೆ. ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ವಾಪಸ್ ಬಂದು ಒಂದು ಪೂರ್ತಿ ಪೀರಿಯಡ್ ಆ ಒಂದು ಪ್ರಶ್ನೆಯ ಮೇಲೇ ಕಳೆಯಿತು. ಗೌರವಕ್ಕೆ ಹಾಗೆ ಬರೆದರು ಅಂತ ಅರ್ಧ ಕ್ಲಾಸು. ಮಕ್ಕಳು ಅಂತ ಬರೆದರೆ ‘ಮಕ್ಕಳು ಗಣಿಯಲ್ಲಿ ಏನು ಮಾಡುತ್ತಿದ್ದರು’ ಅಂತ ಜನ ಕೇಳುತ್ತಾರೆ, ಅದಕ್ಕೇ ಬರೆಯಲಿಲ್ಲ ಅಂತ ಇನ್ನರ್ಧ. ಇನ್ನೂ ಜಗಳ ಮುಗಿದಿಲ್ಲ.

ತೆರೆದಪುಟ
ಅದೇ ದಿನ

ಓದಿ ಕಣ್ಣು ತುಂಬಿ ಬಂತು ಮೇಡಂ. ಆ ಹುಡುಗಿಗೆ ನನ್ನ ಆಶೀರ್ವಾದ ಹೇಳಿ.

ಹತ್ತಿಹೊಲ
ಮೂರು ದಿನದ ನಂತರ

ನಾನೂ ಇವತ್ತು ಮಾಡಿದೆ ರೀ. ಪೂರ್ತಿ ಪುಟ ಅಲ್ಲ, ಆರೇ ಸಾಲು. ಮೊದಲು ಕನ್ನಡದಲ್ಲಿ ಆ ಊಟದ ಕೋಣೆ ಹೇಗಿತ್ತು ಅಂತ ಹೇಳಿದೆ. ಮೂಲೆಯಲ್ಲಿ ಒಲೆ, ಅದರ ಮೇಲೆ ತಾಮ್ರದ ಹಂಡೆ, ಸೌಟು ಹಿಡಿದು ಬಡಿಸುವವನು. ಆಮೇಲೆ ಇಂಗ್ಲಿಷ್ ಸಾಲು ಎರಡು ಸಲ ಜೋರಾಗಿ ಓದಿದೆ. ಬಟ್ಟಲಿನ ಸಾಲನ್ನು ನಿಮ್ಮ ಮಾತಿನಲ್ಲೇ ಹೇಳಿ ಅಂದೆ. ಹಿಂದಿನ ಬೆಂಚಿನ ಹುಡುಗ ಎದ್ದು ‘ಬಟ್ಟಲಾ ತೊಳಿಯೂದ ಬ್ಯಾಡಾಗಿತ್ರಿ, ನೆಕ್ಕಿ ನೆಕ್ಕಿ ಲಕಲಕ ಮಾಡಿಟ್ಟಿದ್ರು’ ಅಂದ. ಈ ವರ್ಷ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಅವನು ಬಾಯಿ ಬಿಟ್ಟಿದ್ದು ಇದೇ ಮೊದಲು.

ಆಲಿವರ್ ಎದ್ದು ಬಟ್ಟಲು ಹಿಡಿದು ಹೋಗಿ ಕೇಳುವಲ್ಲಿಗೆ ಬಂದಾಗ ಬೆಲ್ ಹೊಡೆಯಿತು. ಯಾರೂ ಏಳಲಿಲ್ಲ. ‘ಸರ್, ಇನ್ನೊಂದು ಬಟ್ಟಲು ಕೊಟ್ರೇನ್ರಿ ಅವಂಗ?’ ಅಂತ ಮುಂದಿನ ಸಾಲಿನ ಹುಡುಗಿ ಕೇಳಿದಳು. ನಾನು ಹೇಳಲಿಲ್ಲ. ನಾಳೆ ಮುಂದಿನ ಆರು ಸಾಲು ಬರೆದುಕೊಂಡು ಹೋಗುತ್ತೇನೆ.